ಜಗಲಿಯ ಮೇಲೆ ಕೂತವಳು

ಐವತ್ತರ ದಶಕದ ಕೊನೆಯಲ್ಲಿ ನಾವು ಹೊಳೆನರಸೀಪುರದಲ್ಲಿದ್ದೆವು. ನನ್ನ ಗಂಡ ಪ್ರೈಮರಿ ಸ್ಕೂಲಿನಲ್ಲಿ ಮೇಷ್ಟ್ರು. ಊರಲ್ಲಿ ಕ್ರೈಸ್ತರ ಮನೆ ಆರೋ ಏಳೋ ಇದ್ದವು. ಭಾನುವಾರದ ಪ್ರಾರ್ಥನೆ ನಮ್ಮ ನಡುಮನೆಯಲ್ಲೇ ನಡೆಯುತ್ತಿತ್ತು. ತಿಂಗಳಿಗೊಮ್ಮೆ ಹಾಸನದಿಂದ ಸಭಾಪಾಲಕರು ಬರುತ್ತಿದ್ದರು. ಉಳಿದ ವಾರಗಳಲ್ಲಿ ಗಂಡನೇ ಬೈಬಲ್ ಓದಿ ನಾಲ್ಕು ಮಾತು ಹೇಳುತ್ತಿದ್ದರು.

ಒಂದು ಭಾನುವಾರ ಪ್ರಾರ್ಥನೆಯ ನಡುವೆ ಒಬ್ಬ ಹೆಂಗಸು ಬಂದು ಬಾಗಿಲಲ್ಲಿ ನಿಂತಳು. ಅರಕಲಗೂಡು ಕಡೆಯವಳು. ಕುಷ್ಠ ಬಂತೆಂದು ಗಂಡ ಹೊರಗೆ ಹಾಕಿದ್ದನಂತೆ. ದೂರದ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಇದ್ದು, ಅಲ್ಲೇ ದೀಕ್ಷಾಸ್ನಾನ ಪಡೆದು, ವಾಸಿಯಾಗಿ ಬಂದಿದ್ದಳು. ಇನ್ನು ಯಾರಿಗೂ ಅಂಟುವುದಿಲ್ಲವೆಂದು ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಎರಡೂ ಕೈಯ ಬೆರಳು ಮೊಂಡಾಗಿದ್ದವು.

"ಅವಳ್ನ ಒಳೀಕೆ ಬಿಟ್ರೆ ನಾವು ಬರಾಕಿಲ್ಲ ಮೇಷ್ಟ್ರೇ. ಮಕ್ಳುಮರಿ ಅವೆ," ಎಂದರು ಹಿರಿಯರೊಬ್ಬರು.

ಗಂಡ ನನ್ನ ಮುಖ ನೋಡಿದರು. ನನ್ನ ತೊಡೆಯ ಮೇಲೆ ಎಂಟು ತಿಂಗಳ ಕೂಸು. ನಾನು ತಲೆ ತಗ್ಗಿಸಿದೆ.

"ಜಗಲಿ ಮೇಲೆ ಕೂತ್ಕೊಳ್ಳಮ್ಮ, ಕಿಟಕೀಲಿ ಕೇಳ್ಸುತ್ತೆ," ಎಂದರು ಗಂಡ.

ಅಂದಿನಿಂದ ಅವಳ ಜಾಗ ಅದೇ. ಪ್ರಾರ್ಥನೆ ಮುಗಿದ ಮೇಲೆ ಎಲ್ಲರಿಗೂ ಲೋಟದಲ್ಲಿ ಕಾಫಿ. ಅವಳಿಗೆ ಮಾತ್ರ ತೆಂಗಿನ ಚಿಪ್ಪಿಗೆ ಮೇಲಿನಿಂದ ಹುಯ್ಯುತ್ತಿದ್ದೆ.

ಮೂರು ತಿಂಗಳಾದ ಮೇಲೆ ಚನ್ನರಾಯಪಟ್ಟಣದ ಮಗಳ ಮನೆಯಿಂದ ಅತ್ತೆ ಬಂದರು. ಚಿಪ್ಪು ಕಂಡು ಅವರ ಮುಖ ಕಪ್ಪಿಟ್ಟಿತು.

"ನಮ್ಮಪ್ಪ ಗೌಡ್ರ ಅಟ್ಟಿ ಮುಂದೆ ಕುಕ್ಕರಗಾಲಲ್ಲಿ ಕುಂತು ಇಂಥದ್ರಲ್ಲೇ ಕುಡೀತಿದ್ದ. ನಾನೂ ಕುಡ್ದಿವ್ನಿ. ಅದ್ನ ತಪ್ಪಿಸ್ಕಳಾಕೆ ಕಣವ್ವ ನಾವು ಯೇಸಪ್ಪನ ತಾವ ಬಂದಿದ್ದು."

ತಮ್ಮದೇ ಲೋಟದಲ್ಲಿ ಕಾಫಿ ತುಂಬಿಕೊಂಡು ಜಗಲಿಗೆ ಹೋದರು. ಮುಂದಿನ ಭಾನುವಾರ ಅವಳ ತೋಳು ಹಿಡಿದು ಒಳಗೆ ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡರು. ಅರ್ಧ ಜನ ಆಗಲೇ ಎದ್ದು ಹೋದರು. ಮರುವಾರ ಉಳಿದವರೂ ಬರಲಿಲ್ಲ. ಅದರ ಮರುವಾರ ಅವಳೂ ಬರಲಿಲ್ಲ. ಅತ್ತೆ ಹೊಳೆಯ ದಂಡೆಯಲ್ಲಿದ್ದ ಅವಳ ಗುಡಿಸಲಿಗೇ ಹುಡುಕಿಕೊಂಡು ಹೋದರು.

"ನನ್ನಿಂದ ನಿಮ್ಮ ಸಭೆ ಒಡ್ದೋಯ್ತಲ್ಲವ್ವಾ. ನಾ ಬರಾಕಿಲ್ಲ," ಎಂದಳಂತೆ.

ಅಲ್ಲಿಂದ ಮುಂದೆ ಅತ್ತೆ ದಿನಾ ಮಧ್ಯಾಹ್ನ ಅವಳಿಗೆ ಮುದ್ದೆ, ಸಾರು ಹೊತ್ತುಕೊಂಡು ಹೋಗುತ್ತಿದ್ದರು. ಚಳಿಗಾಲದಲ್ಲಿ ಅತ್ತೆಗೆ ಜ್ವರ ಬಂತು.

"ಅವಳ್ಗೂ ಮೈ ಸರಿಯಿಲ್ಲ. ನಾ ಏಳೋಗಂಟ ನೀನೇ ಓಗಿ ಕೊಟ್ಬುಟ್ಟು ಬಾ ಕಣವ್ವ," ಎಂದರು.

ನಾನು ಹೋಗಲಿಲ್ಲ. ಹೆದರಿಕೆಯೋ ಅಸಹ್ಯವೋ, ಈಗಲೂ ಬಿಡಿಸಿ ಹೇಳಲಾರೆ. ಪಾತ್ರೆ ಹಿಡಿದು ಮನೆಯಿಂದ ಹೊರಟು, ಬೀದಿಯ ಕೊನೆಯಲ್ಲಿ ಕಟ್ಟಿದ್ದ ಎಮ್ಮೆಗೆ ಸುರಿದು ಬಂದೆ. "ಉಂಡ್ಲಾ?" ಎಂದು ಅತ್ತೆ ಕೇಳಿದರೆ "ಹೂಂ" ಎಂದೆ. ನಾಲ್ಕು ದಿನ ಹೀಗೇ. ಐದನೆಯ ದಿನ ಅತ್ತೆ ಗೋಡೆ ಹಿಡಿದುಕೊಂಡು ಎದ್ದು, ತಾವೇ ಹೋದರು. ಅವಳು ಸತ್ತು ಎರಡು ದಿನವಾಗಿತ್ತು.

ಹೆಣವನ್ನು ಅತ್ತೆಯೇ ತೊಳೆದರು. ನಮ್ಮ ಸಭೆಯ ಒಬ್ಬರೂ ಹೆಗಲು ಕೊಡಲು ಬರಲಿಲ್ಲ. ಎದುರು ಮನೆಯ ಜವಳಿ ಅಂಗಡಿಯವರು, ವಿಭೂತಿ ಧರಿಸುವ ಶಿವಭಕ್ತರು, ತಮ್ಮನನ್ನು ಕರೆದುಕೊಂಡು ಬಂದು, "ನಡೀರಿ ಮೇಷ್ಟ್ರೇ," ಎಂದರು. ಅವರಿಬ್ಬರು, ನನ್ನ ಗಂಡ ಮತ್ತು ಹಾಸನದಿಂದ ಬಂದ ಸಭಾಪಾಲಕರು ಸೇರಿ ಹೊತ್ತರು.

ವಾರ ಕಳೆದ ಮೇಲೆ ನಡೆದುದನ್ನೆಲ್ಲ ಅತ್ತೆಗೆ ಹೇಳಿ, ಅವರ ಕಾಲ ಹತ್ತಿರ ಕೂತು ಕಣ್ಣೀರಿಟ್ಟೆ. ಅವರು ರಾಗಿ ಕೇರುತ್ತಿದ್ದರು. ಮೊರ ಕೆಳಗಿಟ್ಟರು.

"ದೇವ್ರ ತಾವ ಕೇಳ್ಕಳವ್ವ. ಅವನು ಕ್ಷಮಿಸ್ತಾನೆ. ನಂಗೆ ವಸಿ ದಿನ ಬೇಕಾಯ್ತದೆ."

ಕ್ರಿಸ್‌ಮಸ್ ಹೊತ್ತಿಗೆ ಎಲ್ಲರೂ ಒಬ್ಬೊಬ್ಬರಾಗಿ ಮರಳಿ ಬಂದರು. ಅವಳ ಮಾತನ್ನು ಯಾರೂ ಎತ್ತಲಿಲ್ಲ. ಅತ್ತೆ ಆಮೇಲೆ ಆರು ವರ್ಷ ಬದುಕಿದ್ದರು. ನನ್ನ ಎರಡು ಹೆರಿಗೆಯ ಬಾಣಂತನ ಮಾಡಿದರು, ಒಂದು ದಿನವೂ ಹಂಗಿಸಲಿಲ್ಲ. ಆದರೆ ಹಸಿದವರಿಗೆ ಊಟ ಒಯ್ದು ಕೊಟ್ಟು ಬಾ ಎಂದು ನನಗೆ ಮತ್ತೆಂದೂ ಹೇಳಲಿಲ್ಲ. ಕಾಲು ಎಳೆಯುತ್ತಾ ತಾವೇ ಹೋಗುತ್ತಿದ್ದರು.