ಅರ್ನೆಟ್ಟಾಳ ಬೆನ್ನಿಗೆ ಬಂದ ದನಿ

ಅರ್ನೆಟ್ಟಾ ಬ್ರೂಸಾರ್ಡ್ ಇಪ್ಪತ್ಮೂರು ವರ್ಷ ಲಾಸ್ ಏಂಜಲೀಸಿನಲ್ಲಿ ಸಿಟಿ ಬಸ್ಸು ಓಡಿಸಿದವಳು. ಕ್ರೆನ್‌ಷಾ ರಸ್ತೆಯ ಉದ್ದಕ್ಕೂ ಅವಳ ದನಿ ಗೊತ್ತಿಲ್ಲದವರಿರಲಿಲ್ಲ. "ಹಿಂದಕ್ಕೆ ಸರೀರಪ್ಪಾ, ಬಾಗಿಲಿಗೆ ಅಂಟ್ಕೊಂಡು ನಿಂತ್ರೆ ನಿಮ್ಮನೆ ಹತ್ರ ಬರುತ್ತಾ?" ಎಂದು ಅವಳು ಕೂಗಿದರೆ ನಿದ್ದೆ ಮಾಡುತ್ತಿದ್ದವನೂ ಎದ್ದು ಸರಿಯುತ್ತಿದ್ದ. ನಲವತ್ತೇಳನೆಯ ವಯಸ್ಸಿನಲ್ಲಿ ಚರ್ಚಿನ ನಾಟಕಕ್ಕೆ ಒಬ್ಬಳು ಕೈಕೊಟ್ಟಾಗ ಬದಲಿಗೆ ನಿಂತಳು. ಆಮೇಲೆ ರಂಗದಿಂದ ಇಳಿಯುವ ಮನಸ್ಸೇ ಆಗಲಿಲ್ಲ. ಬಸ್ಸಿನ ಕೆಲಸ ಬಿಟ್ಟ ಮೇಲೆ ಲೈಮರ್ಟ್ ಪಾರ್ಕಿನ ಅರವತ್ತು ಕುರ್ಚಿಯ ಪುಟ್ಟ ನಾಟಕಶಾಲೆಯೇ ಅವಳ ಮನೆಯಾಯಿತು. ಟೀವಿಯಲ್ಲಿ ನರ್ಸು, ಜಡ್ಜು, ಹೆಣ ಗುರುತಿಸಲು ಬರುವ ತಾಯಿ, ಹೀಗೆ ಒಂದೆರಡು ಮಾತಿನ ಪಾತ್ರಗಳು ಸಿಕ್ಕವು.

ಐವತ್ತೆಂಟಕ್ಕೆ ಒಲಿದು ಬಂದದ್ದು 'ತಾಮ್ರಗಿಡುಗ' ಎಂಬ ಸಿನಿಮಾ. ತಾಮ್ರದ ರೆಕ್ಕೆ ಕಟ್ಟಿಕೊಂಡು ಹಾರುವ ಹುಡುಗನ ತಾಯಿಯ ಪಾತ್ರ. ಬರೆದವರು ಅವಳನ್ನು ಆಸ್ಪತ್ರೆಯ ಬಟ್ಟೆ ಒಗೆಯುವವಳನ್ನಾಗಿ ಮಾಡಿದ್ದರು. "ನಂಗೆ ಒಗೆಯೋದು ಬರುತ್ತೆ, ಆದ್ರೆ ಬಸ್ಸು ಇನ್ನೂ ಚೆನ್ನಾಗಿ ಬರುತ್ತೆ" ಎಂದಳು ಅರ್ನೆಟ್ಟಾ. ನಿರ್ದೇಶಕ ರೂಬೆನ್ ಇಟುರ್ಬೆ ನಕ್ಕು, ತಾಯಿಯನ್ನು ಬಸ್ಸಿನ ಚಾಲಕಿ ಮಾಡಿದ. ಗಾಯಗೊಂಡ ಮಗನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು, ಬಸ್ಸು ತಡೆದ ಪೊಲೀಸರ ಕಣ್ಣಲ್ಲಿ ಕಣ್ಣಿಟ್ಟು, "ನನ್ ಬಸ್ಸಲ್ಲಿರೋರೆಲ್ಲಾ ಟಿಕೆಟ್ ತಗೊಂಡಿದಾರೆ. ನೀವು ತಗೊಂಡಿದೀರಾ?" ಎಂದು ಅವಳು ಕೇಳುವ ಜಾಗದಲ್ಲಿ ಥಿಯೇಟರಿನಲ್ಲಿ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅಲ್ಲಿಂದಾಚೆ ಕ್ರೆನ್‌ಷಾದಲ್ಲಿ ಅವಳು ಊರಿಗೆಲ್ಲಾ ಅಮ್ಮ. ಪೊಲೀಸರಿಗೆ ಮಗನನ್ನು ಕೊಡದ ಅಮ್ಮ. ಅಂಥ ತಾಯಂದಿರು ಆ ರಸ್ತೆಯಲ್ಲಿ ಬೇಕಾದಷ್ಟು ಜನ ಇದ್ದರು, ತೆರೆಯ ಮೇಲೆ ಇರಲಿಲ್ಲ, ಅಷ್ಟೆ.

ಎರಡನೆಯ ಭಾಗದ ಚಿತ್ರೀಕರಣ ನಾಲ್ಕು ತಿಂಗಳು ನಡೆಯಿತು. ರೂಬೆನ್ ಬರೆದ ಕಥೆಯಲ್ಲಿ ತಾಯಿ ಕೊನೆಗೆ ತಾನೇ ಠಾಣೆಗೆ ಹೋಗಿ ಮೆಟ್ಟಿಲ ಮೇಲೆ ಕೂರುತ್ತಾಳೆ. ಒಬ್ಬೊಬ್ಬರೇ ಬಂದು ಇಡೀ ಬಡಾವಣೆ ಅವಳ ಪಕ್ಕ ಕೂರುತ್ತದೆ. ಕೊನೆಯ ದಿನ ಎಲ್ಲರೂ ಅಪ್ಪಿಕೊಂಡು ಅತ್ತು ಮನೆಗೆ ಹೋದರು.

ಜುಲೈನಲ್ಲಿ ಸ್ಟುಡಿಯೋದಿಂದ ಫೋನು. ಒಂದಿಷ್ಟು ಡಬ್ಬಿಂಗ್ ಇದೆ, ಒಂದು ಗಂಟೆ ಸಾಕು, ಬರ್ಬ್ಯಾಂಕಿಗೆ ಬನ್ನಿ ಎಂದರು.

ಕತ್ತಲ ಕೋಣೆ, ಎದುರಿಗೆ ತೆರೆ, ನಡುವೆ ಮೈಕು. ಗಾಜಿನಾಚೆ ದನಿ ಹಿಡಿಯುವ ಹ್ಯಾಂಕ್ ಎಂಬ ನರೆಗೂದಲವನು. ಅವನ ಪಕ್ಕ ಸ್ಟುಡಿಯೋ ಕಳಿಸಿದ ಪೈಪರ್ ಎಂಬ ಹುಡುಗಿ. ರೂಬೆನ್ ಇರಲಿಲ್ಲ. ತೆರೆಯ ಮೇಲೆ ಅಡುಗೆಮನೆಯ ದೃಶ್ಯ ಬಂತು. ಅರ್ನೆಟ್ಟಾ ಬೆನ್ನು ತಿರುಗಿಸಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಾಳೆ. ಅವಳಿಗೆ ಚೆನ್ನಾಗಿ ನೆನಪಿತ್ತು, ಅದು ತಂಗಿಗೆ ಮಾಡಿದ ಫೋನು, ಭಾನುವಾರದ ಚರ್ಚಿನ ಊಟಕ್ಕೆ ಬೆಂಡೆಕಾಯಿ ಹಾಕಿದ ಗಂಬೋ ಸಾರು ಯಾರು ಮಾಡಬೇಕು ಅನ್ನುವ ಜಗಳ.

"ಹೊಸ ಮಾತು ಒಂದೊಂದಾಗಿ ಕೊಡ್ತೀವಿ ಆಂಟಿ. ಗುಟ್ಟು ಹೊರಗೆ ಹೋಗ್ಬಾರ್ದು ಅಂತ" ಎಂದಳು ಪೈಪರ್.

ಮೊದಲ ಚೀಟಿ: "ಹೌದು. ನಾನೇ." ಅರ್ನೆಟ್ಟಾ ಹೇಳಿದಳು.

ಎರಡನೆಯದು: "ಇಲ್ಲೇ ಇದಾನೆ. ಮಲಗಿದಾನೆ." ಮಗನ ಯೋಗಕ್ಷೇಮ ತಂಗಿ ಕೇಳಿರಬೇಕು ಅಂದುಕೊಂಡು, ದನಿಗೆ ಸ್ವಲ್ಪ ಅಕ್ಕರೆ ಸೇರಿಸಿ ಅದನ್ನೂ ಹೇಳಿದಳು. "ಎಷ್ಟು ಚೆನ್ನಾಗಿ ಬಂತು!" ಎಂದಳು ಪೈಪರ್. ಹ್ಯಾಂಕ್ ಮಾತ್ರ ತಲೆ ಎತ್ತಲಿಲ್ಲ.

ಮೂರನೆಯದು: "ರೆಕ್ಕೆ ಬಿಚ್ಚಿಟ್ಟಿದಾನೆ. ಹಿಂದಿನ ಬಾಗಿಲಿಂದ ಬಂದು ಹಿಡ್ಕೊಳ್ಳಿ."

ಅರ್ನೆಟ್ಟಾ ಚೀಟಿಯನ್ನು ಎರಡು ಸಲ ಓದಿದಳು. "ನಾನು ಯಾರ ಹತ್ರ ಮಾತಾಡ್ತಿರೋದು?"

"ಫೋನಲ್ಲಿ, ಆಂಟಿ."

"ಫೋನಲ್ಲಿ ಅಂತ ನಂಗೂ ಗೊತ್ತಮ್ಮಾ, ಕೈಯಲ್ಲಿ ಹಿಡ್ಕೊಂಡಿದೀನಲ್ಲ. ಆ ಕಡೆ ಯಾರಿದಾರೆ?"

ಪೈಪರ್ ಉಳಿದ ಚೀಟಿಗಳನ್ನು ಜೋಡಿಸಿಕೊಂಡಳು. "ಕರ್ನಲ್."

ಕರ್ನಲ್ ಎಂದರೆ ಕಥೆಯ ಖಳ. ಹುಡುಗನ ರೆಕ್ಕೆ ಕತ್ತರಿಸಲು ಎರಡೂ ಸಿನಿಮಾದುದ್ದಕ್ಕೂ ಅಟ್ಟಿಸಿಕೊಂಡು ಬಂದವನು. ತೆರೆಯ ಮೇಲೆ ಅವಳದೇ ಬೆನ್ನು, ಅವಳದೇ ಹಳದಿ ಸ್ವೆಟರು, ತಂಗಿಯ ಮಾತಿಗೆ ನಗುತ್ತಾ ಕುಲುಕುತ್ತಿದ್ದ ಅವಳದೇ ಭುಜ. ಮಗನನ್ನು ಹಿಡಿದುಕೊಡುತ್ತಾ ನಗುವ ತಾಯಿಯ ಭುಜ ಅದಾಗಿತ್ತು ಈಗ.

"ನಾನು ಹೇಳಲ್ಲ."

"ಆಂಟಿ, ಇನ್ನು ಮೂರೇ ಮಾತು ಇರೋದು…"

"ಮೂರಾಗ್ಲಿ, ಅರ್ಧ ಆಗ್ಲಿ, ಹೇಳಲ್ಲ. ಆಗ ಹೇಳಿದ್ನಲ್ಲ ಎರಡು, ಅದನ್ನ ಅಳಿಸಿ."

ಅವಳು ಹೊರಗೆ ಬರುವಾಗ ಹ್ಯಾಂಕ್ ಬಾಗಿಲ ತನಕ ಬಂದು ಪಿಸುಗುಟ್ಟಿದ: "ಅಳಿಸೋದು ನನ್ನ ಕೈಯಲ್ಲಿಲ್ಲ ತಾಯಿ. ಯಂತ್ರ ಇಲ್ಲಿದೆ, ಗುಂಡಿ ಇನ್ನೆಲ್ಲೋ ಇದೆ."

ಕಾರಿನಲ್ಲಿ ಕೂತು ರೂಬೆನ್‌ಗೆ ಫೋನು ಮಾಡಿದಳು. ಅವನು ಗಿಡಕ್ಕೆ ನೀರು ಬಿಡುತ್ತಿದ್ದ. ಕೊಳವೆಯ ಸದ್ದು ಕೇಳುತ್ತಿತ್ತು.

"ಯಾವ ಕರ್ನಲ್ಲು? ಅಲ್ಲಿ ನೀವು ನಿಮ್ಮ ತಂಗಿ ಹತ್ರ ಮಾತಾಡ್ತೀರ ಅರ್ನೆಟ್ಟಾ. ಗಂಬೋ ವಿಷಯ."

"ರೂಬೆನ್, ನೀವು ಯಾವಾಗ ಕೊನೇ ಸಲ ಸಿನಿಮಾ ನೋಡಿದ್ದು?"

ಅವನು ನಲ್ಲಿ ತಿರುಗಿಸಿ ನೀರು ನಿಲ್ಲಿಸಿದ. "ಆರು ವಾರ ಆಯ್ತು" ಎಂದ. "ರೆಸ್ಟ್ ತಗೊಳ್ಳಿ, ಸಣ್ಣಪುಟ್ಟ ರಿಪೇರಿ ನಾವೇ ಮಾಡ್ತೀವಿ ಅಂದ್ರು." ಸಿನಿಮಾ ಮಾಡಿದವನಿಗೇ ಅದರ ಕೊನೆ ಗೊತ್ತಿರಲಿಲ್ಲ. ನಟಿಯ ಬಾಯಿಂದ ಅವನಿಗೆ ತಿಳಿಯಿತು. ಪೋಸ್ಟರಿನಲ್ಲಿ ಹೆಸರು ಅವನದೇ. ಬಾಯಿ ಬಿಡಬಾರದೆಂಬ ಕರಾರಿಗೆ ಅವನೂ ಸಹಿ ಹಾಕಿದ್ದ, ಅವಳೂ ಹಾಕಿದ್ದಳು.

ಸ್ಟುಡಿಯೋ ಮತ್ತೆ ಎರಡು ಸಲ ಕರೆಯಿತು, ಅವಳು ಹೋಗಲಿಲ್ಲ. ಆಮೇಲೆ ಫೋನು ನಿಂತಿತು. ಬಿಟ್ಟರೇನೋ ಅಂದುಕೊಂಡಳು.

ಅಕ್ಟೋಬರಿನಲ್ಲಿ ಸಿನಿಮಾ ಬಂತು. ಶನಿವಾರ ಮಧ್ಯಾಹ್ನದ ಆಟಕ್ಕೆ ಚರ್ಚಿನ ಹೆಂಗಸರು ಎರಡು ಸಾಲು ಟಿಕೆಟ್ ತೆಗೆದಿದ್ದರು. ಭಾನುವಾರದ ಚರ್ಚಿಗೆಂದು ಇಟ್ಟ ಟೋಪಿಗಳೆಲ್ಲ ಅವತ್ತೇ ಹೊರಬಂದವು. ಹೋಗದಿದ್ದರೆ ಯಾಕೆಂದು ಹೇಳಬೇಕು, ಹೇಳಿದರೆ ಕರಾರು ಮುರಿಯಬೇಕು. ಅರ್ನೆಟ್ಟಾ ಹೋದಳು. ಪಕ್ಕದಲ್ಲಿ ಮಗಳು ಡೆಲ್ಫೀನ್, ಕೂದಲು ಹೆಣೆಯುವ ಅಂಗಡಿ ನಡೆಸುವವಳು.

ಅಡುಗೆಮನೆ ಬಂತು. ಹಳದಿ ಬೆನ್ನು ಬಂತು. "ಹೌದು. ನಾನೇ." ಅವಳದೇ ದನಿ. "ಇಲ್ಲೇ ಇದಾನೆ. ಮಲಗಿದಾನೆ." ಅವಳದೇ ದನಿ, ಅಕ್ಕರೆ ಸಮೇತ. ಆಮೇಲೆ ಅದೇ ಬೆನ್ನಿನಿಂದ ಇನ್ನೊಬ್ಬಳು ಮಾತಾಡಿದಳು: "ರೆಕ್ಕೆ ಬಿಚ್ಚಿಟ್ಟಿದಾನೆ. ಹಿಂದಿನ ಬಾಗಿಲಿಂದ ಬಂದು ಹಿಡ್ಕೊಳ್ಳಿ."

ಅರ್ನೆಟ್ಟಾಳ ಕೈ ತಾನಾಗಿಯೇ ಗಂಟಲಿಗೆ ಹೋಯಿತು, ಅಲ್ಲಿ ಯಾರಾದರೂ ಇದ್ದಾರೋ ಎಂದು ನೋಡುವವಳ ಹಾಗೆ. ಅವಳ ಎಳೆತ, ಅವಳ ಕೊಂಕು, ಎಲ್ಲವನ್ನೂ ಆ ಹೆಂಗಸು ಕಲಿತಿದ್ದಳು. ಹಿಂದಿನ ಸಾಲಿನಿಂದ ಯಾರೋ "ಅಯ್ಯೋ, ಹೆತ್ತೋಳು ಮಾಡೋ ಕೆಲ್ಸಾನಾ ಇದು!" ಎಂದು ಕೂಗಿದರು. ಚರ್ಚಿನ ಟೋಪಿಗಳು ಒಂದೊಂದಾಗಿ ಅವಳತ್ತ ತಿರುಗಿದವು.

ಡೆಲ್ಫೀನ್ ಅವಳ ಮೊಣಕೈ ಹಿಡಿದಳು. "ಅಮ್ಮಾ, ಅದು ನಿನ್ನ ದನಿ ಅಲ್ಲ."

"ಮೊದಲ್ನೇ ಎರಡು ನಂದೇ ಕಣೇ" ಎಂದಳು ಅರ್ನೆಟ್ಟಾ. ಮೆಟ್ಟಿಲ ಮೇಲೆ ಇಡೀ ಬಡಾವಣೆ ಕೂರುವ ದೃಶ್ಯ ಬರಲೇ ಇಲ್ಲ. ಅದರ ಜಾಗದಲ್ಲಿ ಇಪ್ಪತ್ತು ನಿಮಿಷ ಕಟ್ಟಡಗಳು ಉರುಳಿದವು.

ಮುಂದಿನ ದಿನಗಳು ಇನ್ನೂ ಕೆಟ್ಟವು. ಕಿರಾಣಿ ಅಂಗಡಿಯಲ್ಲಿ ಓಡಿಬಂದು ತಬ್ಬಿಕೊಳ್ಳುತ್ತಿದ್ದ ಒಂದು ಪುಟ್ಟ ಹುಡುಗಿ ತಾಯಿಯ ಹಿಂದೆ ಅಡಗಿದಳು. ಸಿನಿಮಾ ಬರೀ ಸಿನಿಮಾ ಅಂತ ಎಲ್ಲರಿಗೂ ಗೊತ್ತಿತ್ತು, ಆದರೂ ಬಸ್ ನಿಲ್ದಾಣದಲ್ಲಿ ಮುದುಕನೊಬ್ಬ ತಡೆದು ಕೇಳಿದ: "ಅಷ್ಟು ಒಳ್ಳೇ ತಾಯಿ ಪಾತ್ರ ಕೊಟ್ಟಿದ್ರಲ್ಲಮ್ಮ, ಇಂಥಾದ್ದಕ್ಕೆ ಯಾಕೆ ಒಪ್ಕೊಂಡೆ?"

ನವೆಂಬರಿನ ಒಂದು ಭಾನುವಾರ ತೆರೆಯ ಮೇಲಿನ ಮಗ ಟೆರೆಲ್ ಮನೆಗೆ ಬಂದ. ಇಪ್ಪತ್ತಾರರ ಹುಡುಗ, ಬಾಗಿಲಲ್ಲೇ ನಿಂತು, "ಅಮ್ಮಾ, ನಂಗೂ ಗೊತ್ತಿರ್ಲಿಲ್ಲ. ನಿಮ್ಮಾಣೆ" ಎಂದ.

"ಒಳಗೆ ಬಾರೋ. ಹೊಟ್ಟೆಗೆ ಹಾಕ್ಕೊಂಡು ಆಮೇಲೆ ಆಣೆ ಇಡುವಂತೆ."

ಕೆಂಪು ಬೀನ್ಸ್ ಕಾಳಿನ ಅನ್ನ ಉಣ್ಣುತ್ತಾ ಅವನು ಹೇಳಿದ: ತಾಯಿ ಮೋಸ ಮಾಡಿದ್ದು ತಿಳಿದು ಅವನು ಅಳುವ ಮುಖ ಇದೆಯಲ್ಲ, ಅದು ಕತ್ತರಿಸಿ ಎಸೆದ ಶವಸಂಸ್ಕಾರದ ದೃಶ್ಯದ್ದು. ಯಾರ ಸಾವಿಗೋ ಅತ್ತದ್ದನ್ನು ಎತ್ತಿ ಇಲ್ಲಿ ಅಂಟಿಸಿದ್ದರು.

"ಆದ್ರೆ ಯಾಕೋ ಹೀಗ್ ಮಾಡಿದ್ರು?"

"ಬಿಡುಗಡೆಗೆ ಮುಂಚೆ ಒಂದಿಷ್ಟು ಜನಕ್ಕೆ ತೋರ್ಸಿ ಅಭಿಪ್ರಾಯ ಬರೆಸ್ಕೊಂಡ್ರಂತೆ. ಹನ್ನೊಂದು ಜನ 'ಕೊನೆ ಮೊದ್ಲೇ ಗೊತ್ತಾಯ್ತು' ಅಂತ ಬರೆದ್ರಂತೆ. ಮೇಲಿನವರು ಗಾಬರಿ ಬಿದ್ದು, ಯಾರೂ ಊಹಿಸದೇ ಇರೋದು ಬೇಕು, ಮೂರನೇ ಭಾಗಕ್ಕೆ ಜಗಳಾನೂ ಬೇಕು ಅಂದ್ರಂತೆ."

"ತಾಯಿ ಮಗನ್ನ ಹಿಡ್ಕೊಡ್ತಾಳೆ ಅಂತ ಯಾರೂ ಊಹಿಸಲ್ಲ, ನಿಜ" ಎಂದಳು ಅರ್ನೆಟ್ಟಾ. "ಯಾಕಂದ್ರೆ ಅವ್ಳು ಹಿಡ್ಕೊಡಲ್ಲ."

ಊಹಿಸದವರು ಸಿಟ್ಟಾದರು. ಸಿನಿಮಾ ಬಂದ ಎರಡನೆಯ ವಾರಕ್ಕೇ ಥಿಯೇಟರುಗಳು ಖಾಲಿಯಾಗಿದ್ದವು. ತಪ್ಪು ನಿರ್ದೇಶಕನದು ಎಂದು ಪತ್ರಿಕೆಗಳು ಬರೆದವು. ಕರಾರು ಇದ್ದುದರಿಂದ ರೂಬೆನ್ ಓದಿ ಪತ್ರಿಕೆ ಮಡಚಿಟ್ಟ.

ವರ್ಷದ ಮೇಲೆ ಮೂರನೆಯ ಭಾಗಕ್ಕೆ ಕರೆಯಲು ಪೈಪರ್ ಫೋನು ಮಾಡಿದಳು. ದನಿಯಲ್ಲಿ ಸಂಭ್ರಮ. "ಆಂಟಿ, ಶುಭ ಸುದ್ದಿ! ಅದು ನೀವಲ್ಲ!"

"ಏನು ನಾನಲ್ಲ?"

"ಫೋನ್ ಮಾಡಿದ್ದು! ಕರ್ನಲ್ ನಿಮ್ಮ ಹಾಗೇ ಇರೋ ಒಂದು ಯಂತ್ರ ಮಾಡಿಸಿದ್ದ, ಅದೇ ಫೋನ್ ಮಾಡಿದ್ದು. ನೀವು ಎರಡನೇ ಭಾಗ ಪೂರ್ತಿ ನೆಲಮಾಳಿಗೆಯಲ್ಲಿ ಬಂದಿಯಾಗಿದ್ರಿ."

ಅವಮಾನಪಡಬೇಕೋ ನಗಬೇಕೋ ಅರ್ನೆಟ್ಟಾಳಿಗೆ ತಿಳಿಯಲಿಲ್ಲ. ನಾಲ್ಕು ತಿಂಗಳು ಅವಳು ಅತ್ತದ್ದು, ನಕ್ಕದ್ದು ಎಲ್ಲವೂ ಒಂದು ಯಂತ್ರದ್ದಾಗಿಬಿಟ್ಟಿತ್ತು.

"ಕಥೆ ಪೂರ್ತಿ ಕಳ್ಸಮ್ಮ. ಮೊದಲ ಪುಟದಿಂದ ಕೊನೇ ಪುಟದ ತನಕ. ಓದಿ ಹೇಳ್ತೀನಿ."

"ಯಾರಿಗೂ ಪೂರ್ತಿ ಕೊಡಲ್ಲ ಆಂಟಿ. ನನ್ ಹತ್ರಾನೂ ಇಲ್ಲ."

"ಹಾಗಾದ್ರೆ ಅದೇ ಯಂತ್ರಾನ ಕರ್ಕೊಳ್ಳಿ" ಎಂದು ಫೋನಿಟ್ಟಳು.

ಮೂರನೆಯ ಭಾಗದಲ್ಲಿ ತಾಯಿ ಎರಡು ಸಿನಿಮಾಗಳ ನಡುವೆ ಎಲ್ಲೋ ಸತ್ತಿದ್ದಳು. ಗೋಡೆಯ ಮೇಲೆ ಒಂದು ಫೋಟೋ. ಅರ್ನೆಟ್ಟಾ ನೋಡಲಿಲ್ಲ, ಟೆರೆಲ್ ಹೇಳಿದ. ಅಷ್ಟರಲ್ಲಿ ಲೈಮರ್ಟ್ ಪಾರ್ಕಿನಲ್ಲಿ ಅವಳ ಹೊಸ ನಾಟಕ ನಡೆಯುತ್ತಿತ್ತು, ಅರವತ್ತೂ ಕುರ್ಚಿ ತುಂಬುತ್ತಿದ್ದವು. ಒಂದು ಸಂಜೆ ಆಟ ಮುಗಿದ ಮೇಲೆ ನಡುವಯಸ್ಸಿನ ಹೆಂಗಸೊಬ್ಬಳು ಎದ್ದು ನೇರವಾಗಿ ಕೇಳಿದಳು, ಆ ಫೋನು ಮಾಡಿದ್ದು ನೀವೇನಾ ಎಂದು.

ಕರಾರಿನ ಅವಧಿ ಆ ತಿಂಗಳೇ ಮುಗಿದಿತ್ತು. ಮುಗಿಯದಿದ್ದರೂ ಅವಳು ಹೇಳುತ್ತಿದ್ದಳೋ ಏನೋ.

"ಹಿಡ್ಕೊಳ್ಳಿ ಅಂದಿದ್ದು ನಾನಲ್ಲ" ಎಂದಳು. "ಇಲ್ಲೇ ಇದಾನೆ ಅಂದಿದ್ದು ನಾನೇ. ಯಾರಿಗೆ ಹೇಳ್ತಿದೀನಿ ಅಂತ ಕೇಳ್ದೇ ಹೇಳ್ಬಿಟ್ಟೆ. ಅದೊಂದು ನನ್ನ ತಪ್ಪು."

ಕೇಳಿದ ಹೆಂಗಸು ಬಾಯಿಯ ಮೇಲೆ ಕೈಯಿಟ್ಟುಕೊಂಡು ಹಾಗೇ ಕೂತಳು. ಅರ್ನೆಟ್ಟಾ ರಂಗದ ಅಂಚಿಗೆ ಬಂದು ಕಾಲು ಇಳಿಬಿಟ್ಟು ಕೂತು, ಬರ್ಬ್ಯಾಂಕಿನ ಕತ್ತಲ ಕೋಣೆಯಿಂದ ಶುರುಮಾಡಿ ಎಲ್ಲವನ್ನೂ ಹೇಳಿದಳು.