ಸೂರ್ಯನಿಗೆ ಬೆನ್ನು

ಅಥವಾ ನಾವು ನೀರಿಗಿಳಿಯುವ ಮೊದಲೇ ಗಾಳಿ ಎದ್ದಿತ್ತೇ? ಹೇಳುವಾಗಲೆಲ್ಲ ನಾನು ಅದನ್ನು ಆಮೇಲೆ ಎಬ್ಬಿಸುತ್ತೇನೆ. ಹಾಗೆ ಮಾಡಿದರೆ ನನ್ನ ತಪ್ಪು ಸ್ವಲ್ಪ ಚಿಕ್ಕದಾಗುತ್ತದೆ.

ಎರಡು ಸಾವಿರದ ಐದೋ ಆರೋ ಇರಬೇಕು, ಶುಕ್ರವಾರ. ಅಲ್ ಹಿಲಾಲ್ ಬಡಾವಣೆಯ ಮನೆಯಲ್ಲಿ ಊಟ ಮುಗಿಸಿ ಅಕ್ಕನ ಗಂಡ, ನನ್ನ ಭಾವ, ನನ್ನನ್ನು ಕಾರಿಗೆ ಹತ್ತಿಸಿದರು. ದೋಹಾದಿಂದ ಉತ್ತರಕ್ಕೆ, ಕತಾರಿನ ಪೂರ್ವ ದಂಡೆಯಲ್ಲಿ ಒಂದು ಕಲ್ಲುಹಾಸಿನ ತೀರ. ನೀರಿನ ಕನ್ನಡಕ ತೊಟ್ಟು, ಉಸಿರಿನ ಕೊಳವೆ ಕಚ್ಚಿ, ಮುಖ ಕೆಳಗೆ ಮಾಡಿ ತೇಲುತ್ತ ಮೀನು ನೋಡುವುದು ನಮ್ಮ ವಾರದ ಚಟ.

"ಲೈಫ್ ಜಾಕೆಟ್ ತರಲಿಲ್ಲವಾ ಭಾವ?"

"ಎಂತ ಮಾರಾಯ, ಮಲ್ಪೆಯಲ್ಲಿ ಹುಟ್ಟಿದವನಿಗೆ ಈ ಬಟ್ಟಲು ನೀರಿಗೆ ಜಾಕೆಟಾ? ನಿನ್ನ ಅಕ್ಕ ಕೇಳಿದರೆ ನಗಾಡ್ತಾಳೆ. ಯಲ್ಲಾ, ಬೇಗ ಇಳಿ."

ಕಲ್ಲಿನ ಸಂದಿನಲ್ಲಿ ಮೀನುಗಳಿದ್ದವು. ಹಳದಿ ಪಟ್ಟೆಯವು ಎಂದು ಬರೆದಿದ್ದೆ, ಹೊಡೆದು ಹಾಕಿದೆ, ಬಣ್ಣ ನೆನಪಿಲ್ಲ. ನೆನಪಿರುವುದು ಕೆಳಗಿನ ಕಲ್ಲುಗಳು ಒಮ್ಮೆಲೇ ಮಸುಕಾದದ್ದು. ತಲೆ ಎತ್ತಿದರೆ ದಂಡೆ ಇಲ್ಲ. ಸುತ್ತಲೂ ಧೂಳು, ಅದರೊಳಗೆ ಬಿಳಿಚಿಕೊಂಡ ಇಳಿಹೊತ್ತಿನ ಸೂರ್ಯ.

ಭಾವ ಕೊಳವೆ ಉಗುಳಿದರು. "ಹೆದರಬೇಡ. ಸೂರ್ಯನಿಗೆ ಬೆನ್ನು ಹಾಕಿ ಈಜು, ದಂಡೆ ಸಿಗ್ತದೆ."

ನಾನೂ ಹಾಗೇ ತಿರುಗಿದೆ. ನಮ್ಮೂರಲ್ಲಿ ಸಂಜೆಯ ಸೂರ್ಯ ಕಡಲಿನ ಮೇಲಿರುತ್ತಾನೆ. ಬೆನ್ನು ಹಾಕಿದವನಿಗೆ ಊರು ಎದುರು. ಬುದ್ಧಿ ಬರುವ ಮೊದಲೇ ಮೈ ಕಲಿತದ್ದು. ಗಾಳಿ ಹಿಂದಿನಿಂದ ತಳ್ಳುತ್ತಿತ್ತು, ಈಜು ತೀರಾ ಸುಲಭವಾಗಿತ್ತು. ಕಾಲು ಚಾಚಿದೆ. ಕಲ್ಲು ತಾಗಲಿಲ್ಲ. ಇನ್ನೂ ಸ್ವಲ್ಪ ಹೋಗಿ ಚಾಚಿದೆ. ನೀರು ತಣ್ಣಗಿತ್ತು.

ಆಗ ಹೊಳೆಯಿತು: ಬರುವಾಗ ಬಿಸಿಲು ಭಾವನ ಕಿಟಕಿಯಲ್ಲಿತ್ತು, ಕಡಲು ನನ್ನ ಕಿಟಕಿಯಲ್ಲಿ. ಇಲ್ಲಿ ಸೂರ್ಯ ಇಳಿಯುವುದು ನೆಲದ ಮೇಲೆ. ನಾವು ಒಳಗೆ, ಕಡಲಿಗೇ ಹೋಗುತ್ತಿದ್ದೆವು.

"ಭಾವ! ತಿರುಗಿ! ದಂಡೆ ಸೂರ್ಯನ ಕಡೆ!"

ಅವರು ನಾಲ್ಕು ಮಾರು ಮುಂದಿದ್ದರು. ಇಲ್ಲ, ಹೆಚ್ಚೇ ಇದ್ದಿರಬೇಕು. ತಿರುಗದೆ ಒಂದು ಕೈ ಎತ್ತಿದರು. ಧೂಳು ಮುಚ್ಚಿಕೊಂಡಿತು. ನಾನು ಅವರ ಹಿಂದೆ ಹೋಗಲಿಲ್ಲ. ಸೂರ್ಯನ ಕಡೆಗೆ ಈಜಿದೆ.

ಮರುದಿನ ಕಾವಲು ದೋಣಿಯವರು ದೇಹ ತಂದರು. ಅಕ್ಕ ಒಂದೇ ಕೇಳಿದಳು, "ನೀನು ಕರೆದದ್ದು ಅವರಿಗೆ ಕೇಳಿತಾ?"

"ಕೇಳಿರಲಿಕ್ಕಿಲ್ಲ ಅಕ್ಕ" ಎಂದೆ. ಕೈ ಎತ್ತಿದ್ದನ್ನು ಹೇಳಲಿಲ್ಲ.

ಆ ಕೈ ನನಗೆ ತನ್ನ ಹಿಂದೆ ಬಾ ಎಂದಿತೋ, ಸಹಾಯ ಕೇಳಿತೋ, ನನಗೆ ಗೊತ್ತಿಲ್ಲ.