ಮೂರು ಪೆಡಲ್, ಒಂದು ಬ್ಯಾಟರಿ

ಆ ಮೊಬೈಲ್ ರೆಕಾರ್ಡಿಂಗನ್ನು ನಾನು ಇಂದಿಗೂ ಅಳಿಸಿಲ್ಲ. ನಾಸಿಕ್ ಹೊರವಲಯದ ದ್ರಾಕ್ಷಿ ತೋಟವೊಂದರ ರೆಸ್ಟೊರೆಂಟಿನಲ್ಲಿ ನಮ್ಮ ಬ್ಯಾಂಡ್ ನುಡಿಸಿದ್ದು ಅದರಲ್ಲಿದೆ. ಡ್ರಮ್ ಕೇಳುತ್ತದೆ, ಬೇಸ್ ಕೇಳುತ್ತದೆ, ಹಾಡುವವನ ಉಸಿರೂ ಕೇಳುತ್ತದೆ. ನಾನು ಮಾತ್ರ ಕಣ್ಣು ಮುಚ್ಚಿ, ತಲೆ ಕುಣಿಸುತ್ತಾ, ಮೈಮೇಲೆ ಬಂದವಳಂತೆ ನುಡಿಸುತ್ತಿರುವುದು ಕಾಣುತ್ತದೆಯೇ ಹೊರತು ಕೇಳುವುದಿಲ್ಲ. ನನ್ನ ಗಿಟಾರ್ ಎಲ್ಲಿ ಮುಳುಗಿತೋ ದೇವರೇ ಬಲ್ಲ.

ಆ ರೆಕಾರ್ಡಿಂಗ್ ತೋರಿಸಿದವನು ನಮ್ಮ ಡ್ರಮ್ಮರ್. ಬ್ಯಾಂಡ್ ಕಟ್ಟಿದವನೂ ಅವನೇ, ಕಾರ್ಯಕ್ರಮ ಹಿಡಿದು ತರುವವನೂ ಅವನೇ. ಒಳ್ಳೆಯ ಮರಾಠಿ ಹುಡುಗ, ಆದರೆ ಮಾತಿಗೆ ಬೆಣ್ಣೆ ಸವರುವ ಅಭ್ಯಾಸವಿಲ್ಲ. ಮುಂದಿನ ತಿಂಗಳು ಸಂಭಾಜಿನಗರದ ಕಾಲೇಜೊಂದರಲ್ಲಿ ನುಡಿಸುವುದಿದೆ, ಅಲ್ಲಿಯೂ ನೀನು ಕೇಳಿಸದೆ ಹೋದರೆ ನಿನ್ನ ಜಾಗಕ್ಕೆ ಕೀಬೋರ್ಡಿನವನನ್ನು ತೆಗೆದುಕೊಳ್ಳುತ್ತೇವೆ ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಅವನು ಹೇಳಿದ್ದು ಸುಳ್ಳಾಗಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ಜಾಗ ಬಿಟ್ಟುಕೊಡುವ ಪೈಕಿ ನಾನಲ್ಲ ಎಂದು ಅವನಿಗೆ ಹೇಳಲಿಲ್ಲ, ನನಗೇ ಹೇಳಿಕೊಂಡೆ.

ಆಗ ನನ್ನ ಬಳಿ ಏಳು ಪೆಡಲ್‌ಗಳಿದ್ದವು. ಪೆಡಲ್ ಎಂದರೆ ಅಂಗೈಯಗಲದ ಕಬ್ಬಿಣದ ಡಬ್ಬಿ. ಗಿಟಾರಿನಿಂದ ಹೊರಟ ದನಿ ಸ್ಪೀಕರ್ ಮುಟ್ಟುವ ಮೊದಲು ಇವುಗಳೊಳಗೆ ಹಾದು ಹೋಗಬೇಕು. ಕಾಲಿನಿಂದ ಒಂದನ್ನು ಒತ್ತಿದರೆ ದನಿ ಗೊರಗೊರ ಎನ್ನುತ್ತದೆ, ಇನ್ನೊಂದನ್ನು ಒತ್ತಿದರೆ ಪ್ರತಿಧ್ವನಿಸುತ್ತದೆ, ಮತ್ತೊಂದು ದೊಡ್ಡ ಗುಹೆಯೊಳಗೆ ನುಡಿಸಿದ ಹಾಗೆ ಮಾಡುತ್ತದೆ. ನಮ್ಮದು ತ್ರ್ಯಂಬಕೇಶ್ವರದ ದಾರಿಯಲ್ಲಿರುವ ಹೋಟೆಲು, ಕರಾವಳಿಯಿಂದ ಬಂದ ಅಪ್ಪಯ್ಯ ತೆರೆದದ್ದು. ಅಲ್ಲಿ ಕಾಲು ಮುರಿದ ಟೇಬಲ್ಲಿನ ಸನ್ಮೈಕಾ ಹಲಗೆಯನ್ನು ಕೊಯ್ಯಿಸಿ, ಏಳನ್ನೂ ಅದರ ಮೇಲೆ ಸಾಲಾಗಿ ಕೂರಿಸಿದ್ದೆ. ಹೋಟೆಲಿನ ಮೇಲಿನ ಕೋಣೆಯಲ್ಲಿ ಮಧ್ಯಾಹ್ನದ ಹೊತ್ತು ಸಣ್ಣ ದನಿಯಲ್ಲಿ ಅಭ್ಯಾಸ. ಎಲ್ಲ ಪೆಡಲ್ ಒಟ್ಟಿಗೆ ಒತ್ತಿ ಒಂದು ತಂತಿ ಮೀಟಿದರೆ ಸಾಕು, ಕೋಣೆ ತುಂಬ ಜೇನು ಸುರಿದ ಹಾಗೆ. ಅಷ್ಟು ಚೆಂದದ ದನಿ ಜನರ ಮಧ್ಯೆ ಏಕೆ ಸಾಯುತ್ತದೆ ಎನ್ನುವುದೇ ನನಗೆ ತಿಳಿಯಲಿಲ್ಲ.

ಮೊದಲು ವಾಲ್ಯೂಮ್ ಏರಿಸಿ ನೋಡಿದೆ. ಸ್ಪೀಕರ್ ಕೀ ಎಂದು ಕಿರುಚಿತು, ಹಾಡುವವನು ಕಿವಿ ಮುಚ್ಚಿಕೊಂಡ. ಆಮೇಲೆ ಎಂಟನೆಯ ಪೆಡಲ್ ಕೊಳ್ಳಲು ಹೊರಟೆ. ಅಂಗಡಿಯಲ್ಲಿ ಒಬ್ಬಳೇ ಕೂತು ನುಡಿಸಿ ನೋಡಿದಾಗ ಅದೂ ಜೇನಿನ ಹಾಗೇ ಕೇಳಿತು. ಎಂತ ಕರ್ಮ ಮಾರಾಯ್ರೇ, ಒಬ್ಬಳೇ ಇದ್ದಾಗ ಎಲ್ಲವೂ ಚೆಂದವೇ. ಬರಿಗೈಯಲ್ಲಿ ವಾಪಸು ಬಂದೆ.

ಉತ್ತರ ಸಿಕ್ಕಿದ್ದು ಒಂದು ಬೆಳಿಗ್ಗೆ, ನಮ್ಮ ಹೋಟೆಲಿನಲ್ಲೇ. ತ್ರ್ಯಂಬಕಕ್ಕೆ ಹೋಗುವ ಜೀಪಿನವರೆಲ್ಲ ತಿಂಡಿಗೆ ಇಳಿಯುವ ಹೊತ್ತು. ಗ್ರೈಂಡರ್ ತಿರುಗುತ್ತಿತ್ತು, ಎಕ್ಸಾಸ್ಟ್ ಫ್ಯಾನ್ ಗುಡುಗುತ್ತಿತ್ತು, ಮೂರು ಭಾಷೆಯಲ್ಲಿ ಜನ ಕೂಗಾಡುತ್ತಿದ್ದರು. ಗಲ್ಲೆಯಲ್ಲಿ ಕೂತಿದ್ದ ಅಪ್ಪಯ್ಯ ಕತ್ತು ಕೂಡ ತಿರುಗಿಸದೆ ಆರ್ಡರ್ ಹೇಳಿದರು. ಎರಡು ಇಡ್ಲಿ, ಒಂದು ವಡೆ, ಸಾಂಬಾರ್ ಬೇರೆ. ಒಳಗಿನಿಂದ ಅಡುಗೆಯ ಭಟ್ಟರು ಹೂಂ ಎಂದರು. ಅಡುಗೆಮನೆಯಲ್ಲಿ ಆರ್ಡರ್ ಚೀಟಿ ಬರುವ ಯಂತ್ರ ಹಾಕಿ ವರ್ಷಗಳಾಗಿವೆ. ಆದರೆ ಹಬೆಗೆ ಕನ್ನಡಕ ಮಸುಕಾಗುವ ಭಟ್ಟರು ಚೀಟಿ ನೋಡುವುದಿಲ್ಲ, ಅಪ್ಪಯ್ಯನ ದನಿಗೇ ಕಾಯುತ್ತಾರೆ.

ನಾನು ಹುಟ್ಟಿದಾಗಿನಿಂದ ಕೇಳಿದ ದನಿ ಅದು. ಅಂದು ಮಾತ್ರ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟು ಕೇಳಿದೆ. ಅಪ್ಪಯ್ಯ ಕೂಗುತ್ತಲೇ ಇರಲಿಲ್ಲ. ಮೂಗಿನಿಂದ, ತುಸು ಒರಟಾಗಿ, ಒಂದೇ ಎತ್ತರದಲ್ಲಿ ಹೇಳುತ್ತಿದ್ದರು. ಗ್ರೈಂಡರಿನ ದಪ್ಪ ಸದ್ದಿಗೂ ಲೋಟಗಳ ಕಿಣಿಕಿಣಿಗೂ ನಡುವೆ ಇರುವ ಜಾಗದಲ್ಲಿ ಆ ದನಿ ನುಗ್ಗಿ ಹೋಗುತ್ತಿತ್ತು. ಹೊಸ ಸಪ್ಲೈಯರ್ ಬಂದರೆ ಅಪ್ಪಯ್ಯ ಅವನನ್ನು ಬಾಗಿಲ ಬಳಿಯ ಕೊನೆಯ ಟೇಬಲ್ಲಿನ ಹತ್ತಿರ ನಿಲ್ಲಿಸಿ ಆರ್ಡರ್ ಹೇಳಿಸುತ್ತಾರೆ. ಒಳಗಿನಿಂದ ಭಟ್ಟರು ಹೂಂಗುಟ್ಟಿದರೆ, ಇವನಿಗೆ ಟೇಬಲ್ ಕೊಡ್ಲಕ್ಕ್ ಎನ್ನುತ್ತಾರೆ, ಅಂದರೆ ಇವನನ್ನು ನಂಬಿ ಟೇಬಲ್ ಒಪ್ಪಿಸಬಹುದು ಎಂದು. ಚಿಕ್ಕವಳಿದ್ದಾಗ ನಾನೂ ಹಟ ಹಿಡಿದು ಅಲ್ಲಿ ನಿಂತು ಹೇಳಿದ್ದೆ. ಭಟ್ಟರು ಉತ್ತರ ಕೊಡಲಿಲ್ಲ. ಅಪ್ಪಯ್ಯ ನಕ್ಕು ನನ್ನನ್ನು ಗಲ್ಲೆಯ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದರು. ಆ ನಗು ನನಗೆ ಇನ್ನೂ ಚುಚ್ಚುತ್ತದೆ.

ಮೇಲೆ ಓಡಿ ಹೋಗಿ ಓವರ್‌ಡ್ರೈವ್ ಎಂಬ ಪೆಡಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತೆ. ದನಿಗೆ ಒರಟುತನ ಕೊಡುವ ಡಬ್ಬಿ ಅದು. ಅದರಲ್ಲಿ ಮಿಡ್ ಎಂದು ಬರೆದ ಒಂದು ಗುಂಡಿ ಇದೆ, ದನಿಯ ನಡುಭಾಗವನ್ನು ಹೆಚ್ಚು ಕಡಿಮೆ ಮಾಡುವುದಕ್ಕೆ. ದನಿ ನಯವಾಗಲಿ ಎಂದು ನಾನೇ ಅದನ್ನು ಪೂರ್ತಿ ಇಳಿಸಿಟ್ಟಿದ್ದೆ. ಈಗ ಏರಿಸಿದೆ. ಒರಟುತನ ಅರ್ಧಕ್ಕೆ ಇಳಿಸಿದೆ, ಗುಹೆಯ ಪೆಡಲ್ ತೆಗೆದೇಬಿಟ್ಟೆ. ಥೂ, ಶೀತವಾದವರು ಮಾತಾಡಿದ ಹಾಗೆ ಕೇಳಿತು. ಕೋಣೆಯಲ್ಲಿ ಆ ದನಿ ನನಗೆ ಒಂಚೂರೂ ಇಷ್ಟವಾಗಲಿಲ್ಲ. ಆದರೂ ಹಲ್ಲು ಕಚ್ಚಿ ಹಾಗೇ ಅಭ್ಯಾಸಕ್ಕೆ ಒಯ್ದೆ. ಎಲ್ಲರೂ ಒಟ್ಟಿಗೆ ನುಡಿಸತೊಡಗಿದಾಗ ಶೀತ ಹೋಗಿ ಗಿಟಾರ್ ಎದ್ದು ನಿಂತಿತು. ಡ್ರಮ್ಮರ್ ತಲೆ ಎತ್ತಿ ನನ್ನ ಕಡೆ ನೋಡಿದ.

ಹಲಗೆಯ ಮೇಲೆ ಮೂರನ್ನು ಮಾತ್ರ ಉಳಿಸಿದೆ. ಶ್ರುತಿ ನೋಡಲು ಟ್ಯೂನರ್, ಓವರ್‌ಡ್ರೈವ್, ಮತ್ತೆ ಪ್ರತಿಧ್ವನಿಯ ಡಿಲೇ. ಡಿಲೇ ನನ್ನ ಮುದ್ದಿನದು, ಬಿಡಲು ಮನಸ್ಸಾಗಲಿಲ್ಲ. ಮೂರಕ್ಕೂ ಒಂದೇ ಅಡಾಪ್ಟರಿನಿಂದ ಕರೆಂಟು. ಹೋಟೆಲಿನಲ್ಲಿ ಬೆಳೆದವರು ಕರೆಂಟನ್ನು ನಂಬುವುದಿಲ್ಲ, ಹಾಗಾಗಿ ಓವರ್‌ಡ್ರೈವಿನ ಹೊಟ್ಟೆಗೆ ಒಂದು ಚೌಕ ಬ್ಯಾಟರಿ ತುಂಬಿಟ್ಟೆ. ಉಳಿದೆರಡರಲ್ಲಿ ಬ್ಯಾಟರಿಗೆ ಜಾಗವೇ ಇರಲಿಲ್ಲ.

ಹೊರಡುವ ಹಿಂದಿನ ದಿನ ಅಪ್ಪಯ್ಯನನ್ನು ಕರೆದೆ. ಅವರು ನನ್ನ ಕಾರ್ಯಕ್ರಮ ಒಂದನ್ನೂ ನೋಡಿದವರಲ್ಲ.

"ಗಲ್ಲೆ ಬಿಟ್ಟ್ ಬಪ್ಪುಕಾತ್ತಾ ಮಗಾ?" ಎಂದರು.

ಆಗುವುದಿಲ್ಲ ಎಂದು ನನಗೂ ಗೊತ್ತಿತ್ತು. ಅಮ್ಮ ಎಷ್ಟೋ ಸಲ ಕೇಳಿದರೂ ಗಲ್ಲೆಯನ್ನು ಅವರ ಕೈಗೂ ಬಿಟ್ಟವರಲ್ಲ ಅಪ್ಪಯ್ಯ. ಬೇಜಾರಾಯಿತು, ಸುಳ್ಳೇಕೆ ಹೇಳಲಿ. ಮರುದಿನ ದಾರಿಯ ನಡುವೆ ಯೇವಲಾದಲ್ಲಿ ಚಹಾಕ್ಕೆ ಗಾಡಿ ನಿಲ್ಲಿಸಿದಾಗಲೂ ನಾನು ಕೆಳಗಿಳಿಯಲಿಲ್ಲ.

ಸಂಭಾಜಿನಗರದಲ್ಲಿ ಕಾಲೇಜಿನ ಮೈದಾನದಲ್ಲೇ ವೇದಿಕೆ. ಸಂಜೆ ಬಿಸಿಲು ಇಳಿಯುವ ಮೊದಲೇ ಶುರು ಮಾಡಿದೆವು. ಮೊದಲ ಹಾಡು ಸಸೂತ್ರ ಮುಗಿಯಿತು. ಎರಡನೆಯದರ ಮಧ್ಯದಲ್ಲಿ, ನಾನೊಬ್ಬಳೇ ನುಡಿಸಬೇಕಾದ ಭಾಗ ಇನ್ನೇನು ಬರುತ್ತದೆ ಎನ್ನುವಾಗ, ನನ್ನ ಗಿಟಾರ್ ಸತ್ತುಹೋಯಿತು. ಕೆಳಗೆ ನೋಡಿದೆ. ಮೂರು ಪೆಡಲ್ಲುಗಳ ದೀಪವೂ ಆರಿತ್ತು. ಅಡಾಪ್ಟರ್ ಕೈಕೊಟ್ಟಿತ್ತು. ಡ್ರಮ್ಮರ್ ನನ್ನನ್ನು ನೋಡಿದ. ಕೀಬೋರ್ಡಿನವನು ಆಗಲೇ ಬಂದು ಪಕ್ಕದಲ್ಲಿ ನಿಂತಿದ್ದಾನೆ ಎನಿಸಿತು. ಹೆದರಿಕೆಗಿಂತ ಸಿಟ್ಟೇ ಹೆಚ್ಚು ಬಂತು. ಇಷ್ಟು ಮಾಡಿ ಇಲ್ಲಿ ಬಂದು ಸಾಯುವುದೇ?

ಮಂಡಿಯೂರಿ ಕೂತು ಟ್ಯೂನರ್ ಕಿತ್ತೆ, ಡಿಲೇ ಕಿತ್ತೆ. ಓವರ್‌ಡ್ರೈವಿಗೆ ಚುಚ್ಚಿದ್ದ ಅಡಾಪ್ಟರಿನ ಪಿನ್ನನ್ನೂ ಎಳೆದು ಬಿಸಾಡಿದೆ. ಅದನ್ನು ಎಳೆದರೇ ಒಳಗಿನ ಬ್ಯಾಟರಿಗೆ ಜೀವ. ಗಿಟಾರಿನ ವೈರು ಒಂದು ಕಡೆ, ಸ್ಪೀಕರಿನದು ಇನ್ನೊಂದು ಕಡೆ. ಪುಣ್ಯಕ್ಕೆ ಡ್ರಮ್ಮರ್ ನಿಲ್ಲಿಸದೆ ಬರೀ ತಾಳ ಹಾಕುತ್ತಾ ನನಗಾಗಿ ಕಾದ. ಕಾಲಿನಿಂದ ಒತ್ತಿದೆ. ಕೆಂಪು ದೀಪ ಹತ್ತಿತು.

ಎದ್ದು ನಿಂತು ನುಡಿಸಿದೆ. ಮುಚ್ಚಿಕೊಳ್ಳಲು ಜೇನೂ ಇರಲಿಲ್ಲ, ಗುಹೆಯೂ ಇರಲಿಲ್ಲ. ಒಂದೊಂದು ಸ್ವರವೂ ಮೂಗಿನಿಂದ, ಒರಟಾಗಿ, ನೆಟ್ಟಗೆ ಹೊರಟು ಮೈದಾನದ ಆಚೆಯ ಗೋಡೆಯ ಕಡೆಗೆ ಹೋಯಿತು. ಹಿಂದೆ ಕಟ್ಟೆಯ ಮೇಲೆ ಕೂತಿದ್ದವರು ಎದ್ದು ನಿಂತದ್ದು ಕಂಡಿತು. ಉಳಿದ ಹಾಡುಗಳನ್ನೂ ಆ ಒಂದೇ ಪೆಡಲ್ಲಿನಲ್ಲಿ ಮುಗಿಸಿದೆ.

ಇಳಿಯುವಾಗ ಡ್ರಮ್ಮರ್, ಗುರುವಾರ ಅಭ್ಯಾಸ ಇದೆ, ತಡ ಮಾಡಬೇಡ ಎಂದಷ್ಟೇ ಹೇಳಿದ. ನನಗೆ ಅಷ್ಟು ಸಾಕಿತ್ತು. ಖುಷಿಯಲ್ಲಿ ವೈರನ್ನು ಅಡ್ಡಾದಿಡ್ಡಿ ಸುತ್ತಿ, ಬಿಚ್ಚಿ, ಮತ್ತೆ ಸುತ್ತುತ್ತಿದ್ದೆ. ಆಗ ಜನ ಚದುರಿದ ಮೈದಾನದಲ್ಲಿ ಬಿಳಿ ಅಂಗಿಯವರೊಬ್ಬರು ವೇದಿಕೆಯ ಕಡೆ ನಡೆದು ಬರುವುದು ಕಂಡಿತು. ಆ ನಡಿಗೆ ನನಗೆ ಗೊತ್ತು.

"ಗಲ್ಲೆಯಲ್ಲಿ ಯಾರಿದ್ದಾರೆ?" ನನ್ನ ಬಾಯಿಂದ ಬಂದದ್ದು ಅದೇ.

"ಅಮ್ಮ ಕೂಕಂಡಿದ್ಳ್," ಎಂದರು ಅಪ್ಪಯ್ಯ. ನನ್ನ ಕೈಯಿಂದ ವೈರು ತೆಗೆದುಕೊಂಡು ತಾವೇ ನಿಧಾನವಾಗಿ ಸುತ್ತತೊಡಗಿದರು. "ನಾ ಗೇಟಿನ್ ಹತ್ರ, ಎಲ್ರಿಗಿಂತ ಹಿಂದೆ ನಿಂತಿದ್ದೆ. ಸುರೂವಿಗೆ ನೀ ಒಂದೇ ಆರ್ಡರ್ ಎರಡೆರಡ್ ಸಲ ಹೇಳ್ದೆ. ಕಡಿಗೆ ಸರಿ ಆಯ್ತ್."

ಎರಡೆರಡು ಸಲ ಕೇಳಿಸಿದ್ದು ನನ್ನ ಮುದ್ದಿನ ಡಿಲೇ. ನಗುವೂ ಬಂತು, ಅಳುವೂ ಬಂತು, ನಾನು ಎರಡನ್ನೂ ತಡೆಯಲಿಲ್ಲ. ಅಪ್ಪಯ್ಯ ಸುತ್ತಿದ ವೈರನ್ನು ನನ್ನ ಹೆಗಲಿಗೆ ಹಾಕಿ ಹೇಳಿದರು:

"ನಿಂಗೆ ಟೇಬಲ್ ಕೊಡ್ಲಕ್ಕ್."